ಬೀಜದ ಋಣ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ಡಾಬಸ್‌ಪೇಟೆಯನ್ನು ದಾಟಿ, ಕ್ಯಾತ್ಸಂದ್ರ ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ಹಿರೇಹಳ್ಳಿ ಸಿಕ್ಕುತ್ತದೆ. ಬಸ್ಸಿನಲ್ಲಿ ಕುಳಿತು ಹೋಗುವವರ ಕಣ್ಣಿಗೆ ಅದು ಕಾರ್ಖಾನೆಗಳ ಊರು. ಅಲ್ಲಿ ತೋಟಗಾರಿಕೆ ಸಂಶೋಧನೆಯ ಪ್ರಯೋಗ ಕೇಂದ್ರವೊಂದಿದೆ, ಅದರ ಆಚೆಗೆ ರಾಗಿ ಅವರೆಗಳ ಹೊಲವಿದೆ ಎಂಬುದು ಇಳಿದು ನೋಡಿದವರಿಗೆ ಮಾತ್ರ ಗೊತ್ತು. ನನ್ನ ಅಣ್ಣನ ಮನೆ ಅಲ್ಲಿಂದ ಒಳಕ್ಕೆ ಎರಡು ಮೈಲಿ. ಅಣ್ಣ ಹೋಗಿ ಆರು ವರ್ಷವಾಯಿತು. ಅತ್ತಿಗೆ ಇದ್ದಾರೆ, ಅವರ ಮಗನಿದ್ದಾನೆ, ಮೂರು ಎಕರೆ ಕೆಂಪು ಹೊಲವಿದೆ. ನಾನು ಪೇಟೆಯವನಾಗಿ ನಾಲ್ಕು ದಶಕಗಳೇ ಕಳೆದಿದ್ದರೂ, ವರ್ಷಕ್ಕೆ ಎರಡು ಸಲ ಅಲ್ಲಿಗೆ ಹೋಗಿ ಬರದಿದ್ದರೆ ಯಾವುದೋ ಬಾಕಿ ಉಳಿಸಿಕೊಂಡವನಂತೆ ಚಡಪಡಿಸುತ್ತೇನೆ.

ಅತ್ತಿಗೆಯ ತವರು ಪಾವಗಡದ ಕಡೆ. ಅದು ಕಡಲೆಕಾಯಿಯ ಸೀಮೆ. ಮದುವೆಯಾದ ಮರುವರ್ಷ ತವರಿನಿಂದ ಬಂದ ಒಂದು ಚೀಲ ಬಿತ್ತನೆಯ ಕಡಲೆಕಾಯಿ ಇಂದಿಗೂ ಆ ಮನೆಯಲ್ಲಿ ಬಾಳುತ್ತಿದೆ. ಚೀಲ ಅದಲ್ಲ, ಕಾಯಿ ಅದಲ್ಲ; ಆದರೆ ಬೀಜ ಅದೇ. ಪ್ರತಿ ವರ್ಷ ಕಿತ್ತ ಮೇಲೆ ತುಂಬಿದ ಕಾಯನ್ನು ಆರಿಸಿ, ಸುಲಿಯದೆ, ಚೆನ್ನಾಗಿ ಒಣಗಿಸಿ, ಬೇವಿನ ಸೊಪ್ಪು ಹಾಕಿ ಗುಡಾಣಕ್ಕೆ ತುಂಬಿ ಬಾಯಿ ಕಟ್ಟಿಡುತ್ತಾರೆ. ಮನೆಯಲ್ಲಿ ಎಂಥ ಕಷ್ಟವಿದ್ದರೂ ಆ ಗುಡಾಣಕ್ಕೆ ಯಾರೂ ಕೈ ಹಾಕುವಂತಿಲ್ಲ. ಅಣ್ಣ ಒಮ್ಮೆ, ಸಾಲಗಾರರು ಬಂದು ಕುಳಿತಿದ್ದ ದಿನ, ಹಾಕಲು ಹೋಗಿದ್ದನಂತೆ. ಅತ್ತಿಗೆ ಕಿವಿಯ ಓಲೆಯನ್ನು ಬಿಚ್ಚಿಕೊಟ್ಟರೇ ಹೊರತು ಬೀಜವನ್ನು ಬಿಟ್ಟುಕೊಡಲಿಲ್ಲ.

ಈ ಸಲ ಮುಂಗಾರಿಗೆ ಮುಂಚೆ ನಾನು ಹೋದಾಗ ಆ ಮನೆಯಲ್ಲಿ ಒಂದು ಸಣ್ಣ ಮನಸ್ತಾಪ ನಡೆದಿತ್ತು. ಮಗ ಯಾರ ಮೂಲಕವೋ ಜಿ.ಪಿ.ಬಿ.ಡಿ.-4 ಎಂಬ ಕಡಲೆಕಾಯಿಯ ಬೀಜವನ್ನು ತರಿಸಿದ್ದ. ಅದು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ತಳಿ. ಎಲೆಚುಕ್ಕೆಯನ್ನೂ ತುಕ್ಕು ರೋಗವನ್ನೂ ತಡೆದುಕೊಳ್ಳುತ್ತದೆಂದು ಹೆಸರು ಪಡೆದದ್ದು. ಅತ್ತಿಗೆ ಆ ಚೀಲವನ್ನು ಹೊಸ್ತಿಲು ದಾಟಿಸಿರಲಿಲ್ಲ. ಅದು ಜಗಲಿಯ ಮೂಲೆಯಲ್ಲಿ, ಪರಸ್ಥಳದಿಂದ ಬಂದು ಕುಲಗೋತ್ರ ಹೇಳದ ನೆಂಟನಂತೆ, ಕುಳಿತಿತ್ತು.

ನಾನು ಕಾಲು ತೊಳೆದು ಕುಳಿತುಕೊಂಡದ್ದೇ ತಡ, ಅತ್ತಿಗೆ ಕೇಳಿದರು: "ನೀನು ಓದಿದವನು, ಹೇಳಪ್ಪ. ಈಗಿನ ಬೀಜಕ್ಕೆ ಸೂಜಿ ಚುಚ್ಚಿ ಬೇರೆ ಯಾವುದೋ ಗಿಡದ್ದನ್ನು ಒಳಗೆ ಬಿಡುತ್ತಾರಂತೆ. ಇದೂ ಅಂಥಾದ್ದೇನು? ಅಂಥಾದ್ದಾದರೆ ನನ್ನ ಹೊಲಕ್ಕೆ ಬೇಡ. ಕುಲ ಕೆಟ್ಟ ಬೀಜ ಹಾಕಿ ನಾಳೆ ನಾನು ಯಾರಿಗೆ ಉತ್ತರ ಹೇಳಲಿ?"

"ಇದು ಅದಲ್ಲ ಅಂತ ಎಷ್ಟು ಸಲ ಹೇಳಲಮ್ಮ? ಚಿಕ್ಕಪ್ಪ, ನೀವೇ ಹೇಳಿ" ಎಂದ ಮಗ.

"ಇದಕ್ಕೆ ಯಾರೂ ಸೂಜಿ ಚುಚ್ಚಿಲ್ಲ ಅತ್ತಿಗೆ" ಎಂದೆ. ನಾನು ಹೇಳಿದ್ದು ನಿಜ. ಅತ್ತಿಗೆ ಅರ್ಧ ಒಪ್ಪಿದಂತೆ ಒಳಕ್ಕೆ ಹೋದರು. ಆದರೆ ರಾತ್ರಿ ಜಗಲಿಯ ಮೇಲೆ ಮಲಗಿದಾಗ, ಆ ಚೀಲದ ಪಕ್ಕದಲ್ಲಿ, ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ಚುಚ್ಚಿಲ್ಲ ಎಂದು ಹೇಳಿ ಪಾರಾದೆ. ಚುಚ್ಚಿದ್ದರೆ ಏನು ಹೇಳುತ್ತಿದ್ದೆ?

ಈ ಪ್ರಶ್ನೆ ನನ್ನನ್ನು ಕಾಡುವುದಕ್ಕೆ ಹಳೆಯ ಕಾರಣವೊಂದಿದೆ. ನಾನು ವಿಜ್ಞಾನಿಯಲ್ಲ; ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ಜಿಲ್ಲೆಯ ಒಂದು ಹಳ್ಳಿಯ ಶಾಖೆಯಲ್ಲಿದ್ದೆ. ಒಂದು ವರ್ಷ ಮಳೆ ಬಹಳ ಚೆನ್ನಾಗಿ ಆಯಿತು. ಕಡಲೆಕಾಯಿ ಹೊಲಗಳು ಹಸಿರಾಗಿ ಕಣ್ಣು ತುಂಬುವಂತಿದ್ದವು. ಹೂಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಎಲೆಯ ಮೇಲೆ ಕಪ್ಪು ಚುಕ್ಕೆ ಬಿತ್ತು. ಹದಿನೈದು ಇಪ್ಪತ್ತು ದಿನಗಳಲ್ಲಿ ಎಲೆಯೆಲ್ಲ ಉದುರಿ ಬರಿಯ ಕಡ್ಡಿ ನಿಂತಿತು. ಸಾಲ ಪಡೆದಿದ್ದ ಒಬ್ಬ ರೈತ, ಐವತ್ತರ ಆಸುಪಾಸಿನವರು, ವಲ್ಲಿಯ ತುದಿಯಲ್ಲಿ ಆ ಎಲೆಗಳನ್ನು ಕಟ್ಟಿಕೊಂಡು ಬಂದು ನನ್ನ ಮೇಜಿನ ಮೇಲೆ ಬಿಚ್ಚಿಟ್ಟರು. ಮಾತು ಹೆಚ್ಚು ಆಡಲಿಲ್ಲ. ಎಲೆಗಳೇ ಸಾಕ್ಷಿ ಹೇಳಲಿ ಎಂಬಂತೆ ನಿಂತರು.

ಬರಗಾಲವಾಗಿದ್ದರೆ ಕಂತನ್ನು ಮುಂದಕ್ಕೆ ಹಾಕುವ ದಾರಿಯಿತ್ತು. ಆದರೆ ಆ ವರ್ಷ ಮಳೆಯಾಗಿತ್ತು. ಮಳೆಯಾದ ವರ್ಷ ಬೆಳೆ ಹೋಯಿತೆಂದು ನಂಬುವ ಅಂಕಣ ನನ್ನ ಪುಸ್ತಕದಲ್ಲಿರಲಿಲ್ಲ. ಎಲೆ ಒದ್ದೆಯಾಗಿ ಇದ್ದಷ್ಟೂ ಈ ರೋಗಕ್ಕೆ ಅನುಕೂಲ, ಆದುದರಿಂದಲೇ ಒಳ್ಳೆಯ ಮಳೆಯ ವರ್ಷವೇ ಅದರ ಸುಗ್ಗಿ ಎಂಬುದನ್ನು ನಾನು ತಿಳಿದುಕೊಂಡದ್ದು ಎಷ್ಟೋ ವರ್ಷಗಳ ಮೇಲೆ. ನೋಟೀಸಿಗೆ ಸಹಿ ಹಾಕಿದವನು ನಾನೇ. ಅವರು ಒಂದು ಜೊತೆ ಎತ್ತು ಮಾರಿ ಹಣ ಕಟ್ಟಿದರು. ಖಾತೆ ಮುಗಿಯಿತು. ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಮೇಜಿನ ಮೇಲಿದ್ದ ಎಲೆಗಳನ್ನು ಜವಾನ ಗುಡಿಸಿ ಹೊರಗೆ ಹಾಕಿದ. ನಿಯಮದ ಪ್ರಕಾರ ನನ್ನಿಂದ ತಪ್ಪೇನೂ ನಡೆದಿರಲಿಲ್ಲ. ಅದೇ ಇಷ್ಟು ವರ್ಷ ನನ್ನನ್ನು ಕಾಡಿರುವುದು.

ಆ ಚುಕ್ಕೆಗೆ ಟಿಕ್ಕಾ ರೋಗ ಎಂದು ಹೆಸರು. ಎರಡು ಬಗೆಯ ಶಿಲೀಂಧ್ರಗಳಿಂದ ಬರುತ್ತದೆ. ಒಂದು ಬೇಗ ಕಾಣಿಸಿಕೊಳ್ಳುವುದು, ಇನ್ನೊಂದು ತಡವಾಗಿ. ಕೆಟ್ಟ ವರ್ಷದಲ್ಲಿ ಅರ್ಧ ಬೆಳೆಯನ್ನೇ ನುಂಗಬಲ್ಲದು. ಔಷಧಿ ಹೊಡೆಯಬಹುದು, ಒಂದು ಸಲವಲ್ಲ, ಮತ್ತೆ ಮತ್ತೆ. ಮಳೆಯನ್ನೇ ನಂಬಿದ ಹೊಲದವನು ಬೆಳೆ ಕೈಗೆ ಬರುವುದಕ್ಕೆ ಮುಂಚೆಯೇ ಅಷ್ಟು ಹಣವನ್ನು ಎಲ್ಲಿಂದ ತರಬೇಕು? ನನ್ನ ಅಣ್ಣನ ಮಗ ಒಂದು ವರ್ಷ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು, ಮೂಗಿಗೆ ಟವೆಲ್ಲು ಸುತ್ತಿಕೊಂಡು ಹೊಡೆದ. ಎರಡು ದಿನ ತಲೆ ಎತ್ತದೆ ಮಲಗಿದ. ನಾವು ಪೇಟೆಯವರು ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಪರಿಷೆಗೆ ಹೋಗಿ ಒಂದು ಸೇರು ಕಾಯಿ ಕಟ್ಟಿಸಿಕೊಂಡು ತಿನ್ನುತ್ತ ಬರುವಾಗ, ಆ ಕಾಯಿಯ ಹಿಂದೆ ಇಂಥ ಎರಡು ದಿನಗಳಿವೆ ಎಂದು ಯಾರೂ ಎಣಿಸುವುದಿಲ್ಲ.

ಇಷ್ಟು ಸುಲಭವಾಗಿ ರೋಗಕ್ಕೆ ಸಿಕ್ಕುವ ಗಿಡವಾದರೂ ಏಕಾಯಿತು ಕಡಲೆಕಾಯಿ? ಅದರ ವಂಶದ ಕಥೆ ವಿಚಿತ್ರವಾದದ್ದು. ದಕ್ಷಿಣ ಅಮೆರಿಕದಲ್ಲಿ, ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ, ಎರಡು ಬೇರೆ ಬೇರೆ ಕಾಡುಜಾತಿಗಳು ಆಕಸ್ಮಿಕವಾಗಿ ಕೂಡಿದವು. ಅವುಗಳಲ್ಲಿ ಒಂದರ ಬೀಜವನ್ನು ಮನುಷ್ಯರೇ ಹೊತ್ತು ತಂದು ಇನ್ನೊಂದರ ಸೀಮೆಗೆ ಸೇರಿಸಿರಬೇಕೆಂದು ವಿದ್ವಾಂಸರ ಊಹೆ. ಹುಟ್ಟಿದ ಕೂಸು ತಂದೆತಾಯಿಗಳಂತಿರಲಿಲ್ಲ. ಅವುಗಳಲ್ಲಿ ಇಪ್ಪತ್ತು ವರ್ಣತಂತುಗಳಿದ್ದರೆ ಇದರಲ್ಲಿ ನಾಲ್ವತ್ತು. ಆದುದರಿಂದ ಹಿಂದಿರುಗಿ ತನ್ನ ಕಾಡಿನ ನೆಂಟರೊಡನೆ ಕೂಡುವ ದಾರಿ ಅದಕ್ಕೆ ಮುಚ್ಚಿಹೋಯಿತು. ಲೋಕದ ಕಡಲೆಕಾಯಿಯೆಲ್ಲ ಬಹುಮಟ್ಟಿಗೆ ಆ ಒಂದು ಆಕಸ್ಮಿಕದ ಸಂತಾನ. ರೋಗವನ್ನು ತಡೆಯುವ ಬಲ ಕಾಡಿನಲ್ಲಿ ಉಳಿಯಿತು. ಕೊಬ್ಬಿದ ಕಾಳು ಮಾತ್ರ ನಾಡಿಗೆ ಬಂತು. ಕೆಲವು ಶತಮಾನಗಳ ಹಿಂದೆ ಅದು ಸಮುದ್ರ ದಾಟಿ ನಮ್ಮಲ್ಲಿಗೂ ಬಂದು, ನಮ್ಮದೇ ಆಯಿತು.

ಅತ್ತಿಗೆಯ ಗುಡಾಣದ ಬೀಜವೂ ಅಷ್ಟೆ. "ನಮ್ಮ ತಾತನ ಕಾಲದ್ದು" ಎನ್ನುತ್ತಾರೆ. ಅದರ ಹೆಸರೇನೆಂದು ಕೇಳಿದರೆ ಮಾತ್ರ "ಟಿಎಂವಿ" ಎನ್ನುತ್ತಾರೆ. ಆ ಮೂರು ಅಕ್ಷರಗಳು ತಮಿಳುನಾಡಿನ ತಿಂಡಿವನಂ ಊರಿನವು. ಅಲ್ಲಿಯ ಸರ್ಕಾರಿ ಸಂಶೋಧನಾ ಕೇಂದ್ರದವರು 1940ರ ಸುಮಾರಿನಲ್ಲಿ ಆರಿಸಿ ಬಿಟ್ಟ ಟಿ.ಎಂ.ವಿ.-2 ಎಂಬ ತಳಿ ಅದು. ನಮ್ಮ ಪಾವಗಡ, ಶಿರಾ, ಮಧುಗಿರಿಗಳ ಹೊಲವನ್ನೆಲ್ಲ ಹಬ್ಬಿ, ತಾನು ಎಲ್ಲಿಂದ ಬಂದೆ ಎಂಬುದನ್ನು ಮರೆಸಿ, ತಾತನ ಬೀಜವಾಗಿ ಕುಳಿತಿದೆ. ಒಳ್ಳೆಯ ಸೊಸೆ ಎರಡು ತಲೆಮಾರಿನಲ್ಲಿ ಮನೆಯ ಮೂಲಪುರುಷಳಾಗುವುದಿಲ್ಲವೆ? ಇದೂ ಹಾಗೆಯೇ.

ಮುಚ್ಚಿದ ಬಾಗಿಲನ್ನು ಮನುಷ್ಯ ಎರಡು ಬಗೆಯಲ್ಲಿ ತಟ್ಟಿದ್ದಾನೆ. ಒಂದು, ಸಂಕರದ ದಾರಿ. ಬೊಲಿವಿಯಾ ದೇಶದ ಒಂದು ಕಾಡುಕಡಲೆಯನ್ನು 1960ರ ದಶಕದಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ವಿದ್ವಾಂಸರು ಊರಕಡಲೆಯೊಡನೆ ಕೂಡಿಸಿದರು. ಮೊದಲ ಪೀಳಿಗೆ ಬಂಜೆ. ವರ್ಣತಂತುಗಳನ್ನು ಇಮ್ಮಡಿಸಿ, ವರ್ಷಗಟ್ಟಲೆ ಕಾದು, ಮತ್ತೆ ಮತ್ತೆ ಕೂಡಿಸಿ, ಕೊನೆಗೆ ಆ ಕಾಡುಗಿಡದ ಒಂದೆರಡು ತುಣುಕುಗಳು ಊರಕಡಲೆಯೊಳಗೆ ಉಳಿದುಕೊಂಡವು. ಆ ಕಾಡುಗಿಡದ ರಕ್ತ ಇಂದು ಸುಮಾರು ಮೂವತ್ತು ದೇಶಗಳ ತಳಿಗಳಲ್ಲಿ ಹರಿಯುತ್ತಿದೆಯೆಂದು 2021ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಲೆಕ್ಕಹಾಕಿ ತೋರಿಸಿತು. ಧಾರವಾಡದ ಜಿ.ಪಿ.ಬಿ.ಡಿ.-4ರ ರೋಗನಿರೋಧಕ ಬಲವೂ ಅದೇ ಕಾಡುಗಿಡದ್ದು. ಎಂದರೆ, ಜಗಲಿಯ ಮೇಲಿದ್ದ ಚೀಲದಲ್ಲಿ ಬೊಲಿವಿಯಾ ಇತ್ತು.

ಎರಡನೆಯದು ಸೂಜಿಯ ದಾರಿ. ಇದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೋಹಿಣಿ ಮತ್ತು ಶಂಕರರಾವ್ ಎಂಬ ಇಬ್ಬರು ಸಂಶೋಧಕರು ಇದೇ ಟಿಕ್ಕಾ ರೋಗವನ್ನು ಎದುರಿಗಿಟ್ಟುಕೊಂಡು ನಡೆಸಿದ ಪ್ರಯೋಗ 2001ರಲ್ಲಿ ಪ್ರಕಟವಾಯಿತು. ಹೊಗೆಸೊಪ್ಪಿನ ಗಿಡದಲ್ಲಿ ಕೈಟಿನೇಸ್ ಎಂಬ ಕಿಣ್ವವನ್ನು ಮಾಡಿಸುವ ವಂಶವಾಹಿಯೊಂದಿದೆ. ಶಿಲೀಂಧ್ರದ ಗೋಡೆ ಕೈಟಿನ್ ಎಂಬ ಪದಾರ್ಥದ್ದು. ಈ ಕಿಣ್ವ ಆ ಗೋಡೆಯನ್ನು ಕರಗಿಸುತ್ತದೆ. ಕಡಲೆ ಗಿಡದಲ್ಲಿಯೂ ಇಂಥ ಕಿಣ್ವಗಳಿವೆ, ಆದರೆ ರೋಗದ ಮುಂದೆ ಅವು ಸಾಲುವುದಿಲ್ಲ. ಹೊಗೆಸೊಪ್ಪಿನದನ್ನು ಇದಕ್ಕೆ ಕೊಟ್ಟರೆ ಹೇಗೆ ಎಂಬುದು ಅವರ ಯೋಚನೆ.

ದ್ವಿದಳ ಧಾನ್ಯಗಳು ಈ ವಿಷಯದಲ್ಲಿ ಮಹಾ ಹಟಮಾರಿಗಳು. ಹೊಗೆಸೊಪ್ಪಿನ ಎಲೆಯ ಒಂದು ಚೂರನ್ನು ಗಾಜಿನ ಬಟ್ಟಲಿನಲ್ಲಿಟ್ಟು ಆರೈಕೆ ಮಾಡಿದರೆ ಇಡೀ ಗಿಡ ಎದ್ದು ಬರುತ್ತದೆ. ಕಡಲೆ, ತೊಗರಿ, ಅವರೆಗಳಿಂದ ಹಾಗೆ ಎಬ್ಬಿಸುವುದು ಬಹಳ ಕಷ್ಟ. ಆದುದರಿಂದ ಇವರು ಗಾಜಿನ ಬಟ್ಟಲಿನ ದಾರಿಯನ್ನು ಬಿಟ್ಟು, ಮೊಳಕೆಯೊಡೆಯುತ್ತಿರುವ ಬೀಜದ ಭ್ರೂಣವನ್ನೇ ಸೂಜಿಯಿಂದ ಮೆಲ್ಲಗೆ ಚುಚ್ಚಿ, ಆ ಗಾಯದ ಮೂಲಕ ಒಂದು ಬ್ಯಾಕ್ಟೀರಿಯದ ಕೈಯಲ್ಲಿ ವಂಶವಾಹಿಯನ್ನು ಒಳಕ್ಕೆ ಕಳಿಸಿದರು. ಅತ್ತಿಗೆ ಕೇಳಿದ್ದ ಸೂಜಿ ಕಟ್ಟುಕಥೆಯಲ್ಲ! ಗಿಡ ಬೆಳೆದವು, ಅವುಗಳ ಎಲೆಗೆ ರೋಗವನ್ನು ಅಂಟಿಸಿ ನೋಡಿದರು. ಕೆಲವು ಗಿಡ ಚೆನ್ನಾಗಿ ತಡೆದುಕೊಂಡವು, ಕೆಲವು ಅಷ್ಟಾಗಿ ಇಲ್ಲ. ಎಲ್ಲವೂ ಒಂದೇ ಬಗೆಯಾಗಿ ನಡೆಯಲಿಲ್ಲ ಎಂಬುದನ್ನು ಅವರು ತಮ್ಮ ಲೇಖನದ ಶೀರ್ಷಿಕೆಯಲ್ಲಿಯೇ ಹೇಳಿದರು. ಗೆದ್ದುದರ ಜೊತೆಗೆ ಗೆಲ್ಲದಿದ್ದುದನ್ನೂ ಹೀಗೆ ಬರೆದಿಡುವವರ ಬಗ್ಗೆ ನನ್ನಂಥ ಲೆಕ್ಕದವನಿಗೆ ಗೌರವ ಹುಟ್ಟುತ್ತದೆ. ಆ ಗಿಡಗಳು ರೈತನ ಹೊಲಕ್ಕೆ ಬರಲಿಲ್ಲ. ನಮ್ಮ ದೇಶದಲ್ಲಿ ಇಂಥ ಬೆಳೆಗಳಲ್ಲಿ ರೈತರ ಬೇಸಾಯಕ್ಕೆ ಬಂದಿರುವುದು 2002ರಲ್ಲಿ ಒಪ್ಪಿಗೆ ಪಡೆದ ಹತ್ತಿಯೊಂದೇ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಬೊಲಿವಿಯಾದ ಕಾಡುಗಿಡದಿಂದ ತಂದರೆ ನಮಗೆ ಅಳುಕಿಲ್ಲ. ಹೊಗೆಸೊಪ್ಪಿನಿಂದ ತಂದರೆ ಮೈ ಜುಮ್ಮೆನ್ನುತ್ತದೆ. ಈ ಅಳುಕು ನೀತಿಯೋ, ಬರಿಯ ಅಭ್ಯಾಸವೋ? ನಮ್ಮ ಪತ್ರಿಕೆಗಳು ಇಂಥ ಬೆಳೆಗೆ ಕುಲಾಂತರಿ ಎಂಬ ಹೆಸರಿಟ್ಟಿವೆ. ಹೆಸರು ಸಾರ್ಥಕವಾದದ್ದೇ, ಆದರೆ ಅದು ಹೆಸರನ್ನು ಹೇಳುವಾಗಲೇ ತೀರ್ಪನ್ನೂ ಹೇಳಿಬಿಡುತ್ತದೆ. ಕುಲ ಎಂಬ ಮಾತು ನಮ್ಮ ಕಿವಿಗೆ ಬಿದ್ದೊಡನೆ ಕೆಡುವುದು, ಉಳಿಯುವುದು, ಮೈಲಿಗೆ, ಪ್ರಾಯಶ್ಚಿತ್ತ ಎಲ್ಲವೂ ಜೊತೆಯಲ್ಲೇ ಎದ್ದು ನಿಲ್ಲುತ್ತವೆ. ಕುಲದ ಹೆಮ್ಮೆಯನ್ನು ಶರಣರೂ ದಾಸರೂ ಪ್ರಶ್ನಿಸಿದ ನಾಡು ಇದು. ಮನುಷ್ಯರ ವಿಷಯದಲ್ಲಿ ನಾವು ಬಾಯಲ್ಲಾದರೂ ಬಿಟ್ಟಿರುವ ಮಾತನ್ನು ಕಡಲೆಕಾಯಿಯ ವಿಷಯದಲ್ಲಿ ಹಿಡಿದುಕೊಳ್ಳುವುದು ಎಷ್ಟು ಸರಿ?

ಕಡಲೆಕಾಯಿಗಾದರೂ ಕುಲದ ಶುದ್ಧಿ ಎಲ್ಲಿದೆ? ಅದು ಹುಟ್ಟಿದ್ದೇ ಎರಡು ಜಾತಿಗಳ ಕೂಟದಿಂದ. ಇನ್ನೂ ಒಂದು ಮಾತಿದೆ. ವಂಶವಾಹಿಯನ್ನು ಹೊತ್ತೊಯ್ಯುವ ಆ ಬ್ಯಾಕ್ಟೀರಿಯ ಪ್ರಯೋಗಾಲಯದ ಸೃಷ್ಟಿಯಲ್ಲ. ನೆಲದಲ್ಲಿ ವಾಸಿಸುತ್ತ, ಗಿಡದ ಗಾಯವನ್ನು ಹುಡುಕಿ ಒಳಹೊಕ್ಕು, ತನ್ನ ವಂಶವಾಹಿಯ ಒಂದು ತುಣುಕನ್ನು ಗಿಡದ ವಂಶವಾಹಿಯೊಳಗೆ ಸೇರಿಸಿ ಗಂಟು ಎಬ್ಬಿಸುವುದು ಅದರ ಹುಟ್ಟುಗುಣ. ವಿಜ್ಞಾನಿಗಳು ಗಂಟಿನ ಭಾಗವನ್ನು ತೆಗೆದು ಬೇರೆ ಸಾಮಾನು ಹೊರಿಸಿದರು, ಅಷ್ಟೆ. ಗೆಣಸಿನಲ್ಲಿ ಇಂಥ ತುಣುಕು ಸಾವಿರಾರು ವರ್ಷಗಳಿಂದಲೇ ಸೇರಿಹೋಗಿದೆ ಎಂದು 2015ರಲ್ಲಿ ತಿಳಿಯಿತು. 2019ರಲ್ಲಿ ಆ ಪಟ್ಟಿ ಉದ್ದವಾಯಿತು: ಚಹಾ, ಬಾಳೆ, ಮತ್ತು ನಮ್ಮ ಕಡಲೆಕಾಯಿ. ಅತ್ತಿಗೆಯ ಗುಡಾಣದ ಬೀಜಕ್ಕೂ ಯಾವುದೋ ಕಾಲದಲ್ಲಿ ಸೂಜಿ ಬಿದ್ದಿದೆ. ಚುಚ್ಚಿದ ಕೈ ಮನುಷ್ಯನದಲ್ಲ, ಅಷ್ಟೇ ವ್ಯತ್ಯಾಸ.

ಹೀಗೆಂದುಕೊಂಡು ನಾನು ನಿಶ್ಚಿಂತೆಯಿಂದ ಮಲಗಬಹುದಾಗಿತ್ತು. ಪ್ರಕೃತಿ ಮಾಡಿದ್ದನ್ನು ಮನುಷ್ಯ ಮಾಡಿದರೆ ತಪ್ಪಿಲ್ಲ ಎಂದು ವಾದಿಸುವವರೂ ಇದ್ದಾರೆ. ಆದರೆ ಆ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಸಿಡಿಲು ಬಡಿದು ಗುಡಿಸಲು ಸುಟ್ಟುಹೋಗಬಹುದು. ಅದರಿಂದ ಬೆಂಕಿ ಹಚ್ಚಿದವನಿಗೆ ಕ್ಷಮೆ ದೊರೆಯುವುದಿಲ್ಲ. ಪ್ರಕೃತಿಯನ್ನು ಉತ್ತರ ಕೊಡು ಎಂದು ಯಾರೂ ಕೇಳುವಂತಿಲ್ಲ; ಮನುಷ್ಯನನ್ನು ಕೇಳಬಹುದು, ಕೇಳಬೇಕು. ಅತ್ತಿಗೆಯ ಮಾತಿನಲ್ಲಿ ನನ್ನ ಮನಸ್ಸಿಗೆ ನಾಟಿದ್ದು "ಕುಲ ಕೆಟ್ಟ ಬೀಜ" ಎಂಬುದಲ್ಲ, "ನಾಳೆ ಯಾರಿಗೆ ಉತ್ತರ ಹೇಳಲಿ" ಎಂಬುದು. ಮೊದಲನೆಯದು ತಪ್ಪು ಪ್ರಶ್ನೆ, ಎರಡನೆಯದು ಸರಿಯಾದದ್ದು.

ಬ್ಯಾಂಕಿನಲ್ಲಿ ಕೆಲಸ ಮಾಡಿದವನಾದ್ದರಿಂದ ನನಗೆ ಸಾಲ ಮತ್ತು ಋಣ ಎಂಬ ಎರಡು ಮಾತುಗಳ ನಡುವಿನ ಅಂತರ ದೊಡ್ಡದಾಗಿ ಕಾಣುತ್ತದೆ. ಸಾಲಕ್ಕೆ ಮೊತ್ತವಿದೆ, ಬಡ್ಡಿಯಿದೆ, ಗಡುವಿದೆ. ತೀರಿಸಿದರೆ ಗೆರೆ ಎಳೆಯಬಹುದು. ಆಮೇಲೆ ಕೊಟ್ಟವನಿಗೂ ಪಡೆದವನಿಗೂ ಸಂಬಂಧವಿಲ್ಲ. ಋಣಕ್ಕೆ ಇವು ಯಾವುವೂ ಇಲ್ಲ. ಅದನ್ನು ಪಡೆದ ಕಡೆಗೇ ತೀರಿಸಲಾಗುವುದಿಲ್ಲ. ಮುಂದಿನವರಿಗೆ ಕೊಟ್ಟು ತೀರಿಸಬೇಕು. ಬೀಜ ಬಂದದ್ದು ಯಾವಾಗಲೂ ಋಣವಾಗಿಯೇ. ಎರಡು ಕಾಡುಜಾತಿಗಳನ್ನು ಒಂದೆಡೆ ತಂದ ಆ ಹಳೆಯ ಜನರು ಯಾರೋ ನಮಗೆ ತಿಳಿಯದು. ಬೊಲಿವಿಯಾದ ಕಾಡಿಗೆ ನಾವು ಒಂದು ಕಾಸು ಕೊಟ್ಟಿಲ್ಲ. ತಿಂಡಿವನಂನಲ್ಲಿ ಸಾಲುಸಾಲು ಗಿಡಗಳನ್ನು ನೋಡಿ ಆರಿಸಿದವರ ಹೆಸರು ಪಾವಗಡದಲ್ಲಿ ಯಾರಿಗೂ ಗೊತ್ತಿಲ್ಲ. ಎಲ್ಲರೂ ಕೊಟ್ಟರು, ಎಲ್ಲರೂ ಪಡೆದರು, ಎಲ್ಲರೂ ಮುಂದಕ್ಕೆ ದಾಟಿಸಿದರು.

ವಂಶವಾಹಿಯನ್ನು ಬದಲಾಯಿಸಿದ ಬೀಜದ ನಿಜವಾದ ಅಪಾಯ ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಹತ್ತು ಸಾವಿರ ವರ್ಷದ ಋಣದ ಮೇಲೆ ಒಬ್ಬನು ಒಂದು ಕಸೂತಿ ಹಾಕಿ, ಇಡೀ ಸೀರೆ ನನ್ನದು ಎನ್ನಬಹುದು. ಋಣವನ್ನು ಸ್ವತ್ತಾಗಿಸುವುದು ಎಂದರೆ ಇದು. ಸೂಜಿ ಅದಕ್ಕೆ ನೆಪ ಕೊಡುತ್ತದೆಯೇ ಹೊರತು ಸೂಜಿಯೇ ಆ ತಪ್ಪಲ್ಲ. ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಒಳ್ಳೆಯ ವಿವೇಕವನ್ನೇ ತೋರಿಸಿದೆ: ರೈತನು ತಾನು ಬೆಳೆದದ್ದರಿಂದ ಬೀಜ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಹೆಸರಿನ ಮುದ್ರೆ ಹಾಕದೆ ಮಾರಲೂಬಹುದು ಎಂದು 2001ರ ಸಸ್ಯತಳಿಗಳ ಕಾಯಿದೆ ಹೇಳುತ್ತದೆ. ಅತ್ತಿಗೆಯ ಗುಡಾಣಕ್ಕೆ ಅದು ಕಾವಲು.

ಹಾಗಾದರೆ ದುಡಿದವನಿಗೆ ಕೂಲಿ ಬೇಡವೆ? ಬೇಕು. ಅದಕ್ಕೊಂದು ಉದಾಹರಣೆ ಹಿರೇಹಳ್ಳಿಯಲ್ಲೇ ಇದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ಹೊಲದಲ್ಲಿ ಅವರ ತಂದೆ ಸಿದ್ದಪ್ಪನವರು ನೆಟ್ಟ ಹಲಸಿನ ಮರವೊಂದಿತ್ತು. ಚಿಕ್ಕ ಹಣ್ಣು, ತಾಮ್ರದ ಕೆಂಪಿನ ತೊಳೆ. ಹಿರೇಹಳ್ಳಿಯ ಕೇಂದ್ರದ ವಿಜ್ಞಾನಿಗಳು ಅದನ್ನು ಗುರುತಿಸಿದರು. 2017ರಲ್ಲಿ ಸಂಸ್ಥೆಗೂ ರೈತರಿಗೂ ಒಪ್ಪಂದವಾಯಿತು. ಕಸಿಗಿಡಕ್ಕೆ ಸಿದ್ದು ಎಂದು ಹೆಸರಾಯಿತು. ಗಿಡ ಮಾರಿದ ಹಣದಲ್ಲಿ ಮುಕ್ಕಾಲು ಪಾಲು ರೈತರಿಗೆ. ಸಂಸ್ಥೆ ಮರವನ್ನು ತನ್ನದೆನ್ನಲಿಲ್ಲ. ನೆಟ್ಟವನ ಹೆಸರು ಗಿಡದೊಡನೆ ಊರೂರಿಗೆ ಹೋಗುತ್ತಿದೆ. ಕೂಲಿಯೂ ಸಂದಿತು, ಋಣವೂ ಉಳಿಯಿತು.

ಕಡಲೆಕಾಯಿಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅದರ ಹೂವು ಬಹುಮಟ್ಟಿಗೆ ತನ್ನ ಪರಾಗವನ್ನೇ ತಾನು ಪಡೆಯುತ್ತದೆ. ಆದುದರಿಂದ ಉಳಿಸಿದ ಬೀಜ ಕೆಡುವುದಿಲ್ಲ, ರೈತ ಪ್ರತಿ ವರ್ಷ ಅಂಗಡಿಗೆ ಹೋಗಬೇಕಾಗಿಲ್ಲ. ಅಂಗಡಿಯವನಿಗೆ ಲಾಭವಿಲ್ಲದ ಬೀಜ ಇದು. ಇದಕ್ಕಾಗಿ ದುಡಿಯಬೇಕಾದರೆ ಸಾರ್ವಜನಿಕ ಸಂಸ್ಥೆಯೇ ದುಡಿಯಬೇಕು. ಬ್ರೆಜಿಲ್ಲಿನ ಸರ್ಕಾರಿ ಸಂಸ್ಥೆ ತನ್ನ ಜನರು ದಿನವೂ ಉಣ್ಣುವ ಬೀನ್ಸ್ ಕಾಳಿಗೆ ವೈರಸ್ ರೋಗ ತಡೆಯುವ ಗುಣವನ್ನು ಇದೇ ವಿದ್ಯೆಯಿಂದ ಕೊಟ್ಟು 2011ರಲ್ಲಿ ಒಪ್ಪಿಗೆ ಪಡೆಯಿತು. ನಮ್ಮಲ್ಲಿ 2010ರ ಫೆಬ್ರುವರಿಯಲ್ಲಿ, ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ಜನರ ಮಾತನ್ನು ಕೇಳಿದ ಮೇಲೆ, ಬಿಟಿ ಬದನೆಯನ್ನು ಕೇಂದ್ರ ಸರ್ಕಾರ ತಡೆಹಿಡಿಯಿತು. ಕೇಳಿದ್ದು ಒಳ್ಳೆಯದಾಯಿತು. ಹೊಲದಲ್ಲಿ ಬಿದ್ದ ಬೀಜವನ್ನು ಹಿಂದಕ್ಕೆ ಕರೆಯಲಾಗುವುದಿಲ್ಲ. ಹೊಸ ಪದಾರ್ಥ ಯಾರ ಮೈಗೆ ಒಗ್ಗದೋ ಮೊದಲೇ ಪರೀಕ್ಷಿಸಿ ನೋಡಬೇಕು. ನೋಡಿದ್ದನ್ನು ಮುಚ್ಚಿಡದೆ ಹೇಳಬೇಕು.

ಆದರೆ ಬೇಡ ಎನ್ನುವವನೂ ಒಂದು ಋಣವನ್ನು ಹೊರುತ್ತಾನೆ ಎಂಬುದನ್ನು ನಾವು ಮರೆಯುತ್ತೇವೆ. ಬೆಂಗಳೂರಿನಲ್ಲಿ ಕುಳಿತು, ಅಂಗಡಿಯಿಂದ ಎಣ್ಣೆ ತಂದು, ಪ್ರಕೃತಿಗೆ ಕೈ ಹಾಕಬಾರದು ಎಂದು ಹೇಳುವುದು ಬಹಳ ಅಗ್ಗವಾದ ಧರ್ಮ. ಅದರ ಬೆಲೆ ತೆರುವವರು ಬೇರೆ. ನಾನೂ ಒಮ್ಮೆ ನಿಯಮದ ಹಿಂದೆ ನಿಂತು ಬೇಡ ಎಂದೆ. ಅದರ ಬೆಲೆಯಾಗಿ ಎರಡು ಎತ್ತು ಇನ್ನೊಬ್ಬರ ಹಟ್ಟಿಯಿಂದ ಹೋದವು. ಏನನ್ನೂ ಮಾಡದೆ ಇರುವುದರಿಂದ ಕೈ ಶುದ್ಧವಾಗಿ ಉಳಿಯುತ್ತದೆ ಎಂಬುದು ಲೆಕ್ಕ ಬರೆಯುವವರ ಭ್ರಮೆ.

ಬೆಳಗಾದ ಮೇಲೆ ಅತ್ತಿಗೆಗೆ ಇಷ್ಟನ್ನೂ ಹೇಳಲಿಲ್ಲ. ಚೀಲದ ಬೀಜದಲ್ಲಿ ದೂರದೇಶದ ಒಂದು ಕಾಡುಕಡಲೆಯ ಗುಣವಿದೆಯೆಂದೂ, ಗುಡಾಣದ ಬೀಜವೂ ತಮಿಳುನಾಡಿನಿಂದ ಬಂದದ್ದೆಂದೂ ಹೇಳಿದೆ. "ನಮ್ಮಪ್ಪನಿಗೆ ಇದು ಗೊತ್ತಿತ್ತೇನೋ, ನಮಗೆ ಹೇಳಲಿಲ್ಲ" ಎಂದರು. ಸೂಜಿ ಚುಚ್ಚಿದ ಬೀಜ ಮುಂದೆ ಒಂದು ದಿನ ಬಂದರೆ ಏನು ಮಾಡುತ್ತೀರಿ ಎಂದು ನಾನೇ ಕೇಳಿದೆ. ಸ್ವಲ್ಪ ಯೋಚಿಸಿದರು.

"ಯಾರು ಕೊಟ್ಟರು ಅಂತ ಕೇಳುತ್ತೇನೆ. ಕೆಟ್ಟರೆ ಅವರ ಬಾಗಿಲಿಗೆ ಹೋಗಬಹುದೇ ಅಂತ ಕೇಳುತ್ತೇನೆ. ನಾನು ಬೆಳೆದ ಮೇಲೆ ಪಕ್ಕದ ಮನೆಯವಳು ಒಂದು ಮೊರ ಬೀಜ ಕೇಳಿದರೆ ಕೊಡಬಹುದೇ ಅಂತ ಕೇಳುತ್ತೇನೆ. ಕೊಡಬಾರದು ಅಂದರೆ ಅದು ಬೀಜ ಅಲ್ಲಪ್ಪ, ಬಾಡಿಗೆ ಸಾಮಾನು."

ಚೀಲವನ್ನು ಅವರೇ ಒಳಕ್ಕೆ ತಂದರು. ಒಂದು ಎಕರೆಗೆ ಹೊಸದು, ಉಳಿದದ್ದಕ್ಕೆ ಗುಡಾಣದ್ದು ಎಂದು ತೀರ್ಮಾನವಾಯಿತು. ನಾನು ಹೊರಡುವಾಗ ಮಗನ ಹಳೆಯ ನೋಟುಬುಕ್ಕೊಂದನ್ನು ತಂದು ನನ್ನ ಮುಂದಿಟ್ಟರು. "ನೀನು ಲೆಕ್ಕ ಬರೆಯುವವನು. ಯಾವ ಬೀಜ ಎಲ್ಲಿಂದ ಬಂತು ಅಂತ ಬರೆದಿಡು. ಮಕ್ಕಳಿಗೆ ಗೊತ್ತಿರಲಿ."

ನಾನು ಗೆರೆ ಎಳೆದು ಅಂಕಣ ಮಾಡಿದೆ. ತಿಂಡಿವನಂ, ಪಾವಗಡ, ಧಾರವಾಡ, ಬೊಲಿವಿಯಾ ಎಂದು ಬರೆದೆ. ಪಕ್ಕದಲ್ಲಿ 'ಯಾರಿಗೆ ಕೊಟ್ಟದ್ದು' ಎಂದು ಇನ್ನೊಂದು ಅಂಕಣ ಮಾಡಿ, ಅದನ್ನು ಖಾಲಿ ಬಿಟ್ಟೆ. ಅದನ್ನು ತುಂಬುವವರು ಅವರು.